ಅತ್ತೆಯ ಡಬ್ಬಿ

ಗ್ಯಾರೇಜಿನಲ್ಲಿ ಹದಿನಾಲ್ಕು ವರ್ಷದಿಂದ ಕದಲದೆ ಕೂತಿದ್ದ ಹಳೆಯ ಪಿಕಪ್ ಗಾಡಿಯನ್ನು ಅತ್ತೆ ಅಳಿಯನಿಗೆ ಒಪ್ಪಿಸಿದ್ದು ಪ್ರೀತಿ ಉಕ್ಕಿಯೇನೂ ಅಲ್ಲ. ಮಗಳು ಒಂದು ವಾರ ಹಿಂದೆ ಮುಂದೆ ಸುತ್ತಿ ಗೋಗರೆದ ಮೇಲೆ ಒಪ್ಪಿಸಿದ್ದು. ಅದಕ್ಕೂ ಒಂದು ಷರತ್ತಿತ್ತು. ಅಳಿಯ ಎದುರಿಗೇ ನಿಂತಿದ್ದ. ಆದರೂ ಅತ್ತೆ ಮಾತಾಡಿದ್ದು ಮಗಳ ಜೊತೆ.

"ನಿನ್ನ ಗಂಡಂಗೆ ಹೇಳು, ನಾಲ್ಕು ತಿಂಗಳು ಟೈಮು. ಅಷ್ಟರೊಳಗೆ ಇದು ತನ್ನ ಕಾಲ ಮೇಲೆ ತಾನು ಗೇಟು ದಾಟ್ಬೇಕು. ಇಲ್ಲಾಂದ್ರೆ ಗುಜರಿಯವನು ಬಂದು ಹಗ್ಗ ಕಟ್ಟಿ ಎಳ್ಕೊಂಡು ಹೋಗ್ತಾನೆ. ಆಮೇಲೆ ಯಾರೂ ನನ್ನ ಮುಂದೆ ಮುಖ ಸಪ್ಪಗೆ ಮಾಡ್ಕೊಂಡು ಓಡಾಡ್ಬಾರ್ದು."

"ಆಯ್ತು ಅತ್ತೆ," ಅಂದ ಅಳಿಯ.

"ಆಯ್ತಂತೆ ಅಮ್ಮ," ಅಂದಳು ಮಗಳು.

ಹದಿನೆಂಟು ವರ್ಷದಿಂದ ಅವಳಿಗೆ ಇದೇ ಕೆಲಸ. ಹಗಲು ಶಾಲೆಯಲ್ಲಿ ಗಣಿತ ಹೇಳಿಕೊಡುವುದು, ಸಂಜೆ ಮನೆಗೆ ಬಂದು ಒಂದೇ ಕೋಣೆಯಲ್ಲಿ ನಿಂತ ಇಬ್ಬರ ನಡುವೆ ಅಂಚೆ ಹಂಚುವುದು. ಅಳಿಯ ವಾಚು ರಿಪೇರಿ ಮಾಡುವವನು. ಹೆಣ್ಣು ನೋಡಲು ಬಂದ ದಿನ ಅತ್ತೆ ಅವನ ತೆಳ್ಳನೆಯ ಬೆರಳುಗಳನ್ನು ನೋಡಿ, "ಇಷ್ಟಿಷ್ಟು ಸಣ್ಣ ಸ್ಕ್ರೂ ತಿರುಗಿಸೋನು ಸಂಸಾರ ಹೇಗೆ ಎಳೀತಾನೆ?" ಎಂದು ಗಂಡನ ಕಿವಿಯಲ್ಲಿ ಹೇಳಿದ್ದರು. ಅತ್ತೆಯ ಪಿಸುಮಾತು ಮೂರು ಮನೆಯಾಚೆಗೆ ಕೇಳುವಂಥದ್ದು. ಅಂದಿನಿಂದ ಅತ್ತೆಯ ಬಾಯಲ್ಲಿ ಅವನು 'ಸಣ್ಣ ಸ್ಕ್ರೂ'. ಎದುರಿಗೆ ಕರೆದದ್ದಿಲ್ಲ, ಹಿಂದೆ ಬಿಟ್ಟದ್ದೂ ಇಲ್ಲ.

ಅಳಿಯನಿಗೆ ಹಳೆಯ ಗಾಡಿಯಲ್ಲಿ ಮೆರೆಯುವ ಖಯಾಲಿ ಇರಲಿಲ್ಲ. ಅವನಿಗೆ ಬೇಕಾದದ್ದು ಬೇರೆ. ಅತ್ತೆ ಒಂದು ಸಲ, ಒಂದೇ ಒಂದು ಸಲ, ತನ್ನ ಮುಖ ನೋಡಿ ನೇರವಾಗಿ ಮಾತಾಡಬೇಕು. 'ಪರವಾಗಿಲ್ಲ' ಅಂದರೂ ಸಾಕು. ನಲವತ್ತೈದರ ಗಂಡಸಿಗೆ ಇದೆಂಥ ಹುಚ್ಚು ಅನ್ನಬಹುದು. ಅತ್ತೆಮನೆಯಲ್ಲಿ ಹದಿನೆಂಟು ವರ್ಷ ಇದ್ದವರು ಹಾಗನ್ನುವುದಿಲ್ಲ.

ಗಾಡಿ ತೀರಿಹೋದ ಮಾವನದು. ಮಾವ ಅತ್ತೆ ಇಬ್ಬರೂ ಸೇರಿ ಸೋಡಾ ಫ್ಯಾಕ್ಟರಿ ನಡೆಸುತ್ತಿದ್ದರು. ಫ್ಯಾಕ್ಟರಿ ಅಂದರೆ ಹಿತ್ತಿಲಿನ ಎರಡು ಕೋಣೆ. ಗಾಡಿಯ ಹಿಂದಿನ ತೊಟ್ಟಿಯಲ್ಲಿ ಬಾಟಲಿ ಕ್ರೇಟುಗಳನ್ನು ಹೇರಿಕೊಂಡು, ಕಿಟಕಿಯ ಮೇಲೆ ಮೊಣಕೈ ಊರಿಕೊಂಡು ಮಾವ ಬೀದಿಗೆ ಬಂದರೆ ಬಾಟಲಿಗಳ ಗಲಗಲ ಸದ್ದಿಗೆ ಅಂಗಡಿಯವರು ಎದ್ದು ನಿಲ್ಲುತ್ತಿದ್ದರು. ಗಾಡಿ ಎಂದೂ ದಾರಿಯಲ್ಲಿ ನಿಂತದ್ದಿಲ್ಲ. ಭಾನುವಾರ ಬೆಳಗ್ಗೆ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಎರಡು ಗಂಟೆ ಕೆಲಸ ಮಾಡಿ, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಮಾವ ಹೊರಗೆ ಬರುತ್ತಿದ್ದರು. "ಎಂಜಿನ್ ವಿಷಯದಲ್ಲಿ ಯಜಮಾನರದು ಎತ್ತಿದ ಕೈ," ಎಂದು ಬೀದಿಯೆಲ್ಲ ಹೊಗಳುತ್ತಿತ್ತು.

ಅಂಥ ಗಾಡಿಯನ್ನು ಅಳಿಯ ಬಿಚ್ಚಿದ. ಬಿಚ್ಚುವುದರಲ್ಲಿ ಅವನಿಗೊಂದು ಶಿಸ್ತಿದೆ. ಕಳಚಿದ ಪ್ರತಿ ತುಂಡಿಗೂ ಒಂದು ಡಬ್ಬಿ, ಪ್ರತಿ ಡಬ್ಬಿಗೂ ಒಂದು ಚೀಟಿ. ತೊಂದರೆಯೆಂದರೆ, ವಾಚಿನ ಭಾಗಗಳ ಹೆಸರುಗಳು ಅವನಿಗೆ ನಿದ್ದೆಗಣ್ಣಲ್ಲೂ ಬರುತ್ತಿದ್ದವು. ಗಾಡಿಯವು ಬೆಳಗ್ಗೆ ಕಲಿತರೆ ಸಂಜೆಗೆ ಮಂಗಮಾಯ. ಮೊದಲ ವಾರ 'ಉದ್ದನೆಯದು', 'ಇನ್ನೊಂದು ಉದ್ದನೆಯದು' ಎಂದು ಬರೆದು ಪೇಚಿಗೆ ಸಿಕ್ಕಿಕೊಂಡ. ಆಮೇಲೆ ಹೊಳೆದದ್ದು ನೆಂಟರು. ನೆಂಟರನ್ನು ಯಾರು ಮರೆಯುತ್ತಾರೆ? ನಾವು ಮರೆಯುತ್ತೇವೆ ಅಂದರೂ ಅವರು ಬಿಡುವುದಿಲ್ಲ.

ಹೀಗೆ ಸದಾ ಕುದಿಯುವ ರೇಡಿಯೇಟರು 'ದೊಡ್ಡಪ್ಪ' ಆಯಿತು. ಒಂದೇ ಕಡೆ ವಾಲುತ್ತ ಒಬ್ಬರನ್ನೊಬ್ಬರು ಮಾತ್ರ ಮುಟ್ಟದ ಎರಡು ವೈಪರುಗಳು 'ಷಡ್ಡಕರು'. ಹಲ್ಲು ಮಸೆಯುವ ಗೇರಿನ ಚಕ್ರಗಳು 'ಓರಗಿತ್ತಿಯರು'. ಬಾಗಿಲಿನ ಬೀಗಗಳು, ಹೇಳಬೇಕಾದ್ದೇ ಇಲ್ಲ, 'ಬೀಗರು'. ಚೀಟಿಯ ಕೆಳಗೆ 'ಎರಡು ಕಡೆಯವರೂ ಬಿಗಿ' ಎಂದೂ ಬರೆದಿದ್ದ. ಸ್ಟಾರ್ಟರ್ ಮೋಟಾರು 'ಭಾವಮೈದುನ'. ಕೆಲಸ ಹೇಳಿದರೆ ಟಕ್ ಎಂದು ಒಂದು ಸದ್ದು ಮಾಡಿ ಸುಮ್ಮನಾಗಿಬಿಡುತ್ತಿತ್ತು. ಅದನ್ನು ಓದಿ ಹೆಂಡತಿ, ಸ್ವಂತ ತಮ್ಮ ಅನ್ನುವುದನ್ನೂ ಮರೆತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೈಲೆನ್ಸರಿಗೆ ಮಾತ್ರ ಅವನು ಯೋಚಿಸಲೂ ಇಲ್ಲ, 'ಮಾವ' ಎಂದು ಬರೆದ. ಮನೆಯ ಗದ್ದಲವನ್ನೆಲ್ಲ ಒಳಗೆ ನುಂಗಿಕೊಂಡು ಹೊರಗೆ ಮೆತ್ತಗೆ ಉಸಿರು ಬಿಡುತ್ತಿದ್ದ ಮನುಷ್ಯ. ಆ ಚೀಟಿಯನ್ನು ಅಳಿಯ ಎರಡೆರಡು ಸಲ ಒತ್ತಿ ಅಂಟಿಸಿದ.

ಇನ್ನು ಕಾರ್ಬ್ಯುರೇಟರು. ಎಂಜಿನ್ನಿನ ನೆತ್ತಿಯ ಮೇಲೆ ಕೂತು, ಯಾರಿಗೆ ಎಷ್ಟು ಪೆಟ್ರೋಲು, ಯಾರಿಗೆ ಎಷ್ಟು ಗಾಳಿ ಎಂದು ಅಳೆದು ಕೊಡುವುದು ಅದೇ. ಅದಕ್ಕೆ ಯಾವ ಹೆಸರು ಬಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದರ ಬಾಯಲ್ಲಿ ಚೋಕ್ ಎಂಬ ಪುಟ್ಟ ಮುಚ್ಚಳವಿರುತ್ತದೆ. ತಣ್ಣಗಿರುವ ಎಂಜಿನ್ ಹೊತ್ತಿಕೊಳ್ಳಬೇಕಾದರೆ ಅದು ಮುಚ್ಚಲೇಬೇಕು. ಇದರದ್ದು ತೆರೆದದ್ದು ತೆರೆದ ಹಾಗೇ ಕಚ್ಚಿಕೊಂಡಿತ್ತು. ಅಳಿಯ ತನ್ನ ಮುತ್ತಿನಂಥ ಅಕ್ಷರದಲ್ಲಿ ಡಬ್ಬಿಯ ಮೇಲೆ ಬರೆದ: 'ಅತ್ತೆ. ತುಕ್ಕು ಹಿಡಿದಿದೆ. ಬಾಯಿ ಮುಚ್ಚುವುದಿಲ್ಲ. ಎಣ್ಣೆಯಲ್ಲಿ ನೆನೆಸಿ ಗಟ್ಟಿಯಾಗಿ ಉಜ್ಜಬೇಕು.' ಚೀಟಿಯಲ್ಲಿ ಜಾಗ ಮುಗಿದದ್ದರಿಂದ ಉಳಿದದ್ದನ್ನು ಡಬ್ಬಿಯ ತಳಕ್ಕೆ ಅಂಟಿಸಿದ.

ಈ ನೆಂಟಸ್ತಿಕೆ ಅವನ ತಲೆಗೆ ಎಷ್ಟು ಹತ್ತಿತ್ತೆಂದರೆ ಒಮ್ಮೆ ಪಾರ್ಟ್ಸ್ ಅಂಗಡಿಯಲ್ಲಿ, "ನಮ್ಮತ್ತೆಗೆ ಒಂದು ವಾಷರ್ ಬೇಕಿತ್ತು," ಎಂದುಬಿಟ್ಟ.

ಅಂಗಡಿಯವನು ಕನ್ನಡಕ ಮೇಲೆ ಸರಿಸಿದ. "ಯಾವ ಮಾಡೆಲ್ಲು ಸಾರ್?"

"ಹಳೇದು. ಸ್ವಲ್ಪ ಸೋರುತ್ತೆ."

"ನಮ್ಮತ್ತೇದೂ ಅದೇ ಕಂಪ್ಲೇಂಟು," ಎಂದು ಪಕ್ಕದಲ್ಲಿ ನಿಂತಿದ್ದ ಗಿರಾಕಿ ನಿಟ್ಟುಸಿರುಬಿಟ್ಟ. ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಅಳಿಯ ಕಿವಿ ಕೆಂಪಗೆ ಮಾಡಿಕೊಂಡು ವಾಷರ್ ಜೇಬಿಗಿಳಿಸಿ ಮನೆಗೆ ಬಂದ.

ಆಗಲೇ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ನಾಲ್ಕು ತಿಂಗಳು ಅತ್ತೆ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ಅವರ ವಾಸ ಮಹಡಿಯ ಮೇಲೆ. ಮೆಟ್ಟಿಲು ಇಳಿದರೆ ಗ್ಯಾರೇಜಿಗೆ ಬೆನ್ನು ಮಾಡಿಯೇ ಗೇಟಿಗೆ ಹೋಗುತ್ತಿದ್ದರು. ಕೆಳಗೆ ಕೆಲಸ ಮಾತ್ರ ಭರದಿಂದ ಸಾಗಿತ್ತು. ಬಾಡಿಯ ತುಕ್ಕು ಕೆರೆದು ತಿಳಿಹಸಿರು ಬಣ್ಣ ಬಳಿದದ್ದಾಯಿತು, ತೊಟ್ಟಿಗೆ ಹೊಸ ಹಲಗೆ ಹೊಡೆದದ್ದಾಯಿತು. ದೊಡ್ಡಪ್ಪ ತಣ್ಣಗಾದ, ಓರಗಿತ್ತಿಯರು ರಾಜಿಯಾದರು, ಮಾವ ಹೊಸ ಬೆಸುಗೆ ಹಾಕಿಸಿಕೊಂಡು ಗಾಡಿಯ ಹೊಟ್ಟೆಯಡಿ ಮಲಗಿದರು. ಕೊನೆಯ ಭಾನುವಾರಕ್ಕೆ ಮೂರು ದಿನ ಉಳಿದಿತ್ತು. ಕೂರಿಸಬೇಕಾದದ್ದು ಒಂದೇ ಡಬ್ಬಿ.

ಗುರುವಾರ ಸಂಜೆ ಅಂಗಡಿ ಮುಚ್ಚಿ ಬಂದ ಅಳಿಯ ಕಪಾಟಿಗೆ ಕೈ ಹಾಕಿದ. ಆ ಡಬ್ಬಿ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಮಾತ್ರ ಇತ್ತು.

"ಲೇ, ಅತ್ತೆ ಎಲ್ಲಿ?" ಎಂದು ಕೂಗಿದ.

"ಮಹಡಿ ಮೇಲೆ," ಎಂದಳು ಹೆಂಡತಿ ಅಡುಗೆಮನೆಯಿಂದ. "ಮಧ್ಯಾಹ್ನ ಏಣಿ ಹುಡುಕ್ಕೊಂಡು ಗ್ಯಾರೇಜಿಗೆ ಬಂದಿದ್ರು. ಆವಾಗಿಂದ ಬಾಗಿಲು ಹಾಕ್ಕೊಂಡಿದ್ದಾರೆ. ಯಾಕೆ?"

ಅಳಿಯ ತಾನೇ ಬರೆದದ್ದನ್ನು ಮನಸ್ಸಿನಲ್ಲೇ ಒಮ್ಮೆ ಓದಿಕೊಂಡ. ತುಕ್ಕು ಹಿಡಿದಿದೆ. ಬಾಯಿ ಮುಚ್ಚುವುದಿಲ್ಲ. ಗಟ್ಟಿಯಾಗಿ ಉಜ್ಜಬೇಕು. ಅಲ್ಲೇ ಟೈರಿನ ಮೇಲೆ ಕುಸಿದು ಕೂತ.

ಹೆಂಡತಿ ವಿಷಯ ತಿಳಿದು ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅಯ್ಯೋ ದೇವರೇ," ಅಂದಳು. ಮಹಡಿ ಹತ್ತಿ ಹೋಗಿ ಎರಡೇ ನಿಮಿಷಕ್ಕೆ ಇಳಿದು ಬಂದಳು.

"ಏನಂದ್ರು?"

"'ನಿನ್ನ ಗಂಡಂಗೆ ಹೇಳು, ತುಕ್ಕು ಹಿಡಿದ ಸಾಮಾನು ಗುಜರಿಗೇ ಲಾಯಕ್ಕು. ಭಾನುವಾರ ಹತ್ತು ಗಂಟೆಗೆ ಬರೋಕೆ ಹೇಳಿದೀನಿ.' ಅಷ್ಟೇ. ಬಾಗಿಲು ತೆಗೀಲಿಲ್ಲ, ಒಳಗಿಂದಾನೇ ಹೇಳಿದ್ರು."

"ನೀನು ಸಮಜಾಯಿಷಿ ಹೇಳ್ಬಾರ್ದಾ?"

"ಹದಿನೆಂಟು ವರ್ಷ ನಿಮ್ಮಿಬ್ರ ಮಾತು ಹೊತ್ತಿದೀನಿ. ಇದನ್ನ ಮಾತ್ರ ನೀವೇ ಹೊತ್ಕೊಂಡು ಹೋಗಿ."

ಅಳಿಯನಿಗೆ ಧೈರ್ಯ ಸಾಲಲಿಲ್ಲ. ಶುಕ್ರವಾರ ಮತ್ತೆ ಪಾರ್ಟ್ಸ್ ಅಂಗಡಿಗೆ ಓಡಿದ. "ಇಂಥದ್ದು ಈಗ ಎಲ್ಲಿ ಸಿಗುತ್ತೆ ಸಾರ್? ಇದ್ದದ್ದನ್ನೇ ಜೋಪಾನ ಮಾಡ್ಬೇಕಿತ್ತು," ಎಂದ ಅಂಗಡಿಯವನು. ಗಾಯದ ಮೇಲೆ ಉಪ್ಪು ಸವರಿದಂತಾಯಿತು. ಶನಿವಾರ ಮೆಟ್ಟಿಲ ಅರ್ಧದವರೆಗೆ ಹತ್ತಿ ಇಳಿದ. ಒಮ್ಮೆ ಅಲ್ಲ, ಮೂರು ಸಲ. ಮಹಡಿಯಿಂದ ಆಗಾಗ ಏನೋ ಟಿಕ್ ಟಿಕ್ ಸದ್ದು ಬರುತ್ತಿತ್ತು. ಸಿಟ್ಟಿಗೆ ಪಾತ್ರೆ ಕುಕ್ಕುತ್ತಿದ್ದಾರೆ ಎಂದುಕೊಂಡ.

ಅವನಿಗೆ ಗಾಡಿ ಹೋಗುವುದಕ್ಕಿಂತ ಹೆಚ್ಚು ಸಂಕಟ ಕೊಟ್ಟದ್ದು ಇನ್ನೊಂದು. ಎಪ್ಪತ್ತು ದಾಟಿದ ಒಬ್ಬ ಹೆಂಗಸು, ಗಂಡನ ಗಾಡಿಯನ್ನು ಇಷ್ಟು ವರ್ಷದ ಮೇಲೆ ಏಣಿಯ ನೆಪದಲ್ಲಿ ನೋಡಲು ಬಂದಾಗ, ತನ್ನ ಬಗ್ಗೆ ಅಂಥ ಮಾತು ಓದಿಕೊಂಡು ಹೋದರಲ್ಲ. ಎಷ್ಟು ನೊಂದಿರಬೇಡ. ಭಾನುವಾರ ಎಂಟು ಗಂಟೆಗೆ ಅಳಿಯ ಮುಖ ತೊಳೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಹಡಿ ಹತ್ತಿ ಬಾಗಿಲು ತಟ್ಟಿದ.

"ತೆಗೆದೇ ಇದೆ," ಅಂದರು ಅತ್ತೆ.

ಕೋಣೆಯ ತುಂಬ ಪೆಟ್ರೋಲಿನ ವಾಸನೆ. ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿತ್ತು. ಅದರ ಮೇಲೆ ಕಾರ್ಬ್ಯುರೇಟರು ತುಂಡು ತುಂಡಾಗಿ, ತುಂಡು ತುಂಡೂ ಫಳಫಳ ಹೊಳೆಯುತ್ತ ಸಾಲಾಗಿ ಕೂತಿತ್ತು. ಅತ್ತೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಟಲಿ ತೊಳೆಯುವ ಬ್ರಷ್ಷು ಹಿಡಿದಿದ್ದರು. ಮೊಣಕೈವರೆಗೆ ಮಸಿ.

ಅಳಿಯ ಕೆಳಗಿನಿಂದಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದ ಕ್ಷಮಾಪಣೆ ನಾಲಿಗೆಯ ತುದಿಯಲ್ಲೇ ಉಳಿಯಿತು.

"ಅತ್ತೆ... ಇದನ್ನ... ನೀವು?"

"ಮತ್ಯಾರು? ನಿಮ್ಮ ಮಾವನಾ?" ಅತ್ತೆ ಬ್ರಷ್ಷು ಕೆಳಗಿಟ್ಟರು. "ಅವರಿಗೆ ಸ್ಪ್ಯಾನರ್ ಯಾವ ಕಡೆಯಿಂದ ಹಿಡೀಬೇಕು ಅಂತ್ಲೂ ಗೊತ್ತಿರ್ಲಿಲ್ಲ. ಮೂವತ್ತು ವರ್ಷ ಈ ಗಾಡಿ ರಿಪೇರಿ ಮಾಡಿದ್ದು ನಾನು. ಭಾನುವಾರ ಬಾಗಿಲು ಹಾಕ್ಕೊಂಡು ನಾನು ಕೆಲಸ ಮಾಡ್ತಿದ್ದೆ, ಅವರು ಸ್ಟೂಲ್ ಮೇಲೆ ಕೂತು ಪೇಪರ್ ಓದಿ ಹೇಳ್ತಿದ್ರು. ಮುಗಿದ ಮೇಲೆ ಕೈಗೆ ಒಂದಿಷ್ಟು ಗ್ರೀಸ್ ಹಚ್ಕೊಂಡು ಬೀದಿಗೆ ಹೋಗಿ ನಿಲ್ತಿದ್ರು."

"ಯಾರಿಗೂ ಹೇಳಲಿಲ್ವಾ?"

"ಹೇಳ್ತೀನಿ ಅಂತ ಅವರೇ ನೂರು ಸಲ ಹೊರಟ್ರು. ನಾನೇ ಬೇಡ ಅಂದೆ. ಜನ ಹೊಗಳಿದ್ರೆ ಅವರ ಮುಖ ಎಷ್ಟು ಅರಳ್ತಿತ್ತು ಗೊತ್ತಾ? ಅದನ್ನ ನೋಡೋದೇ ನಂಗೆ ಖುಷಿ." ಅತ್ತೆ ಪೇಪರಿನ ಅಂಚನ್ನು ಸುಮ್ಮಸುಮ್ಮನೆ ಮಡಚಿದರು. "ಅವರು ಹೋದ ಮೇಲೆ ಆ ಬಾಗಿಲು ತೆಗೆಯೋಕೆ ಮನಸ್ಸಾಗ್ಲಿಲ್ಲ. ಸ್ಟೂಲು ಖಾಲಿ ಇರುತ್ತಲ್ಲ."

ಆಗ ಅಳಿಯನ ತಲೆಗೆ ಹೊಳೆಯಿತು: ಮಗಳು ಕೆಳಗಿದ್ದಾಳೆ, ನಡುವೆ ಅಂಚೆಯವರು ಯಾರೂ ಇಲ್ಲ. ಅತ್ತೆ ಮಾತಾಡುತ್ತಿರುವುದು ತನ್ನ ಜೊತೆಗೇ.

"ಅತ್ತೆ, ಆ ಚೀಟಿ..."

"ಓದಿದೆ. ಮೈಯೆಲ್ಲ ಉರಿದುಹೋಯ್ತು. ಹೊರಗೆ ಬಿಸಾಕೋಣ ಅಂತ ಡಬ್ಬಿ ಮೇಲೆ ತಂದೆ. ಎತ್ತಿ ಹಿಡಿದಾಗ ತಳದಲ್ಲಿ ಇನ್ನೊಂದು ಚೀಟಿ ಕಾಣಿಸ್ತು." ಅತ್ತೆ ಡಬ್ಬಿಯನ್ನು ಬೋರಲು ಮಾಡಿ ಮುಂದೆ ತಳ್ಳಿದರು. ತಳದಲ್ಲಿ ಅವನದೇ ಅಕ್ಷರ: 'ಜೋಪಾನ. ಇದು ಸರಿಯಿದ್ದರೆ ಎಲ್ಲ ಸರಿ. ಇದಿಲ್ಲದೆ ಗಾಡಿಯೇ ಇಲ್ಲ.'

ಅಳಿಯ ತಲೆ ತಗ್ಗಿಸಿದ.

"ಆದ್ರೂ ಎರಡು ದಿನ ಸತಾಯಿಸ್ಬೇಕು ಅಂತಲೇ ಸುಮ್ಮನಿದ್ದೆ," ಅಂದರು ಅತ್ತೆ. "ಡಬ್ಬಿ ತೆಗೆದು ನೋಡಿದ್ರೆ, ಏನು ಅವಸ್ಥೆ ಅದು! ವಾಚಿನ ಬ್ರಷ್ಷಲ್ಲಿ ಇದನ್ನ ಉಜ್ಜಿದ್ದೀಯಲ್ಲ, ಬೆಣ್ಣೆ ಸವರಿದ ಹಾಗೆ. ಕೈ ಸುಮ್ಮನಿರ್ಲಿಲ್ಲ, ಬಿಚ್ಚಿದೆ. ತುಕ್ಕು ಬಿಟ್ಟಿದೆ. ಚೋಕ್ ಕಡ್ಡೀನೂ ತಿರುಗುತ್ತೆ. ಆದ್ರೆ ಆ ಮುಚ್ಚಳ ಹಿಡಿಯೋ ಎರಡು ಸ್ಕ್ರೂ ಇವೆಯಲ್ಲ, ನಿನ್ನೆಯಿಂದ ಒದ್ದಾಡ್ತಿದೀನಿ. ಕಣ್ಣಿಗೆ ಕಾಣಲ್ಲ, ಬೆರಳಿಗೆ ಸಿಗಲ್ಲ. ಟಿಕ್ ಅಂತ ಬೀಳುತ್ತೆ, ಹುಡುಕೋದು, ಮತ್ತೆ ಬೀಳುತ್ತೆ." ಮಾತು ನಿಲ್ಲಿಸಿ ಕಿಟಕಿಯ ಕಡೆ ನೋಡಿದರು. "ಅದು ತುಂಬ ಸಣ್ಣ ಸ್ಕ್ರೂ."

ಅಳಿಯ ಅಂಗಿಯ ಜೇಬಿನಿಂದ ಕಣ್ಣಿಗೆ ಸಿಕ್ಕಿಸುವ ಮಸೂರ ತೆಗೆದ. ಅದು ಅವನ ಜೊತೆ ಸದಾ ಇರುತ್ತಿತ್ತು. ಇನ್ನೊಂದು ಜೇಬಿನಿಂದ ಚಿಮಟ ತೆಗೆದ. ಮೊದಲ ಸ್ಕ್ರೂ ಕೂತಿತು. ಎರಡನೆಯದು ಕೂತಿತು. ಅತ್ತೆ ಅವನ ಬೆರಳುಗಳನ್ನೇ ಎವೆಯಿಕ್ಕದೆ ನೋಡುತ್ತಿದ್ದರು. ಹೆಣ್ಣು ನೋಡಲು ಬಂದ ದಿನವೂ ಇವನ್ನೇ ನೋಡಿದ್ದರು. ಇವತ್ತು ನೋಡಿದ್ದು ಬೇರೆ ಥರ.

"ಈಗ ನೋಡಿ," ಎಂದು ಅಳಿಯ ಕಡ್ಡಿ ತಿರುಗಿಸಿದ. ಮುಚ್ಚಳ ಟಪ್ಪನೆ ಕೂತಿತು.

"ಬಾಯಿ ಮುಚ್ತು," ಅಂದರು ಅತ್ತೆ. ಒಂದು ಕ್ಷಣ ಬಿಟ್ಟು, "ಇದರದ್ದು. ನಂದಲ್ಲ," ಎಂದು ಸೇರಿಸಿದರು. ಆಮೇಲೆ ಇಬ್ಬರಿಗೂ ತಡೆಯಲಾಗಲಿಲ್ಲ. ನಗುವ ಸದ್ದಿಗೆ ಕೆಳಗಿನಿಂದ ಓಡಿ ಬಂದ ಹೆಂಡತಿ ಬಾಗಿಲಲ್ಲೇ ಬೆಪ್ಪಾಗಿ ನಿಂತಳು.

"ಹಾಗಾದ್ರೆ ಗುಜರಿಯವನಿಗೆ ಬೇಡ ಅಂತ ಫೋನ್ ಮಾಡ್ಲಾ?" ಎಂದು ಕೇಳಿದಳು.

ಅತ್ತೆ ಸೆಟೆದು ಕೂತರು. "ಯಾಕೆ? ಕೊಟ್ಟ ಮಾತು ಮಾತೇ. ಗೇಟು ದಾಟಿದ್ರೆ ಗಾಡಿ ನಮ್ದು, ಇಲ್ಲಾಂದ್ರೆ ಅವನ್ದು. ನಡೀರಿ, ಟೈಮಿಲ್ಲ."

ಹತ್ತಕ್ಕೆ ಹತ್ತು ನಿಮಿಷವಿರುವಾಗ ಕಾರ್ಬ್ಯುರೇಟರು ತನ್ನ ಸಿಂಹಾಸನದ ಮೇಲೆ ಕೂತಿತು. ಅಳಿಯ ಒಳಗೆ ಹತ್ತಿ ಕೀಲಿ ತಿರುಗಿಸಿದ. ಟಕ್. ಮತ್ತೆ ತಿರುಗಿಸಿದ. ಟಕ್.

"ಭಾವಮೈದುನ ಕೈಕೊಟ್ಟ," ಎಂದ ಅಳಿಯ, ಅಳುವುದೊಂದು ಬಾಕಿ.

"ಅವನು ಹುಟ್ಟಿದಾಗಿಂದ ಹಾಗೇ," ಅಂದರು ಅತ್ತೆ, ಕಪಾಟಿನ ಚೀಟಿಗಳನ್ನೆಲ್ಲ ಓದಿ ಮುಗಿಸಿದ್ದವರು. "ತಳ್ಳಿ ಸ್ಟಾರ್ಟ್ ಮಾಡ್ಬೇಕು."

ಅಷ್ಟರಲ್ಲಿ ಗುಜರಿಯವನು ಹೆಗಲ ಮೇಲೆ ಹಗ್ಗ ಹಾಕಿಕೊಂಡು ಗೇಟಿನೊಳಗೆ ಬಂದ. ಎತ್ತರದ ಕಟ್ಟುಮಸ್ತು ಆಳು. ಅತ್ತೆ ಅವನನ್ನು ಮೇಲಿಂದ ಕೆಳಗೆ ಅಳೆದರು.

"ಸರಿಯಾದ ಟೈಮಿಗೆ ಬಂದೆ. ಹಗ್ಗ ಕೆಳಗಿಡು. ಹಿಂದೆ ಹೋಗಿ ತಳ್ಳು."

"ಅಮ್ಮ, ನಾನು ಎಳ್ಕೊಂಡು ಹೋಗೋಕೆ ಬಂದಿದ್ದು," ಎಂದ ಅವನು ಕಕ್ಕಾಬಿಕ್ಕಿಯಾಗಿ.

"ಗೇಟಿನವರೆಗೂ ಉಸಿರಾಡದೆ ಇದ್ರೆ ಎಳ್ಕೊಂಡು ಹೋಗುವಂತೆ. ಮೊದಲು ತಳ್ಳು."

ಗುಜರಿಯವನು ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ನಡುವೆ ಅಳಿಯ. ಮೂವರೂ ತೊಟ್ಟಿಯ ಹಿಂಬದಿಗೆ ಕೈ ಕೊಟ್ಟರು. ಕೈ ಕೊಟ್ಟ ಮೇಲೆ ಅಳಿಯನಿಗೆ ಅರಿವಾಯಿತು, ಸ್ಟಿಯರಿಂಗ್ ಹಿಡಿಯಲು ಯಾರೂ ಇಲ್ಲ. ಮುಂದೆ ಬಾಗಿಲು ದಡಾರನೆ ಮುಚ್ಚಿಕೊಂಡ ಸದ್ದಾಯಿತು. ಕಿಟಕಿಯಿಂದ ಅತ್ತೆಯ ಮೊಣಕೈ ಹೊರಗೆ ಬಂತು.

"ಅಮ್ಮ! ನಿನಗೆ ಓಡಿಸೋಕೆ ಬರುತ್ತಾ?" ಎಂದು ಮಗಳು ಕಿರುಚಿದಳು.

"ಪ್ರತಿ ಭಾನುವಾರ ರಿಪೇರಿ ಆದ್ಮೇಲೆ ಟೆಸ್ಟ್ ಮಾಡ್ತಿರ್ಲಿಲ್ವಾ? ಗ್ಯಾರೇಜೊಳಗೆ ಎಂಟಡಿ ಮುಂದೆ, ಎಂಟಡಿ ಹಿಂದೆ. ಮೂವತ್ತು ವರ್ಷ," ಎಂದು ಒಳಗಿನಿಂದ ಉತ್ತರ ಬಂತು. "ಒಂಬತ್ತನೇ ಅಡಿ ಮಾತ್ರ ನೋಡಿಲ್ಲ. ತಳ್ಳಿ!"

ಗ್ಯಾರೇಜಿನಿಂದ ಗೇಟಿಗೆ ಮೂವತ್ತಡಿ ಅಂಗಳ. ಗಾಡಿ ಮೊದಲು ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಒಂದು ಗೇಣು ಜರುಗಿತು. ಎಂಟಡಿ ದಾಟಿತು, ಗ್ಯಾರೇಜಿನ ಹೊಸ್ತಿಲು ದಾಟಿತು, ತಿಳಿಹಸಿರು ಬಣ್ಣಕ್ಕೆ ಬಿಸಿಲು ಬಿತ್ತು. ಅತ್ತೆ ಕ್ಲಚ್ಚು ಬಿಟ್ಟರು. ಗಾಡಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಹದಿನೈದು ಅಡಿ. ಮತ್ತೆ ಬಿಟ್ಟರು, ಮತ್ತೆ ಕೆಮ್ಮಿತು. ಅಳಿಯನ ಕಣ್ಣಿಗೆ ಬೆವರು ಇಳಿಯಿತು. ಗೇಟಿಗೆ ಇನ್ನು ಐದೇ ಅಡಿ ಇತ್ತು. "ಇದೇ ಕೊನೇದು, ಜೋರಾಗಿ!" ಎಂದು ಕೂಗಿದ್ದು ಯಾರೆಂದು ನೋಡಿದರೆ ಗುಜರಿಯವನು. ತಾನು ಬಂದ ಕೆಲಸವನ್ನು ಅವನು ಯಾವಾಗಲೋ ಮರೆತಿದ್ದ.

ಅತ್ತೆ ಮೂರನೆಯ ಸಲ ಕ್ಲಚ್ಚು ಬಿಟ್ಟರು. ಎಂಜಿನ್ ಹೊತ್ತಿಕೊಂಡಿತು. ತಳ್ಳುತ್ತಿದ್ದ ಮೂವರ ಮುಖಕ್ಕೂ ಕಪ್ಪು ಹೊಗೆ ಉಗುಳಿ, ಗಾಡಿ ಅವರ ಕೈಯಿಂದ ತಪ್ಪಿಸಿಕೊಂಡು, ತನ್ನ ಕಾಲ ಮೇಲೆ ತಾನು ಗೇಟು ದಾಟಿತು. ಸದ್ದು ಮಾತ್ರ ಮೆತ್ತಗೆ, ಮಾವನ ಹಾಗೆ.

ಬೀದಿಯವರು ಬಾಗಿಲಿಗೆ ಬಂದರು. ಗಾಡಿ ರಸ್ತೆಯ ಬದಿಗೆ ನಿಂತು ಗುಡುಗುಡು ಅನ್ನುತ್ತಿತ್ತು. ಅಳಿಯ ಏದುಸಿರು ಬಿಡುತ್ತ ಓಡಿ ಹೋದಾಗ ಅತ್ತೆ ಸ್ಟಿಯರಿಂಗ್ ಹಿಡಿದುಕೊಂಡೇ ಅಳುತ್ತಿದ್ದರು. ನಗುತ್ತಲೂ ಇದ್ದರು.

"ಯಜಮಾನರ ಗಾಡಿ ಅಲ್ವಾ ಇದು? ರಿಪೇರಿ ಮಾಡಿದ್ದು ಯಾರು?" ಎಂದು ಎದುರುಮನೆಯವರು ಕೇಳಿದರು.

ಅತ್ತೆ ಮಸಿಯ ಕೈಯಿಂದಲೇ ಕಣ್ಣೊರೆಸಿಕೊಂಡರು. "ನಾನು. ಮೊದಲಿಂದಲೂ ನಾನೇ," ಅಂದರು, ಮೂರು ಮನೆಯಾಚೆಗೂ ಕೇಳುವ ಹಾಗೆ. ಆಮೇಲೆ ಪಕ್ಕದ ಸೀಟಿಗೆ ಸರಿದರು. "ಇಲ್ಲಿಂದ ನೀನು ಓಡಿಸು. ನನ್ನ ಹತ್ರ ಲೈಸೆನ್ಸ್ ಇಲ್ಲ."

ಊರು ಒಂದು ಸುತ್ತು ಹಾಕಿ ಬಂದು, ಊಟ ಮುಗಿಸಿದ ಮೇಲೆ ಅಳಿಯ ಗ್ಯಾರೇಜಿಗೆ ಹೋದ. ಖಾಲಿ ಡಬ್ಬಿಗಳನ್ನು ಎತ್ತಿಡಬೇಕಿತ್ತು. ಕಪಾಟಿನಲ್ಲಿ, ಧೂಳಿಲ್ಲದ ಆ ಚೌಕದ ಮೇಲೆ ಅವನು ಇಡದ ಒಂದು ಪುಟ್ಟ ಡಬ್ಬಿ ಕೂತಿತ್ತು. ಒಳಗೆ ಯಾವುದೋ ಹಳೆಯ ವಾಚಿನ ಒಂದೇ ಒಂದು ಸ್ಕ್ರೂ, ಅಕ್ಕಿಕಾಳಿಗಿಂತ ಚಿಕ್ಕದು. ಮೇಲೆ ದಪ್ಪ, ಸೊಟ್ಟ ಅಕ್ಷರಗಳ ಚೀಟಿ ಅಂಟಿಸಿತ್ತು.

'ಅಳಿಯ. ಸಣ್ಣದು. ಕಳೆದುಕೊಂಡರೆ ಇಂಥದ್ದು ಮತ್ತೆ ಸಿಗುವುದಿಲ್ಲ.'

ಅವನು ಡಬ್ಬಿಯನ್ನು ಮೆಲ್ಲಗೆ ಬೋರಲು ಮಾಡಿ ತಳವನ್ನೂ ನೋಡಿದ. ಅಲ್ಲಿ ಇನ್ನೊಂದು ಚೀಟಿಯಿತ್ತು. 'ಮುಂದಿನ ಭಾನುವಾರ ಭಾವಮೈದುನನನ್ನು ಬಿಚ್ಚೋಣ. ಬರುವಾಗ ಪೇಪರ್ ತಾ. ಸ್ಟೂಲು ಒರೆಸಿಟ್ಟಿದ್ದೇನೆ.'